ಕೊಡಗಿನವನೇ ಆಗಿ ಟೆಂಟ್ ಹಾಕೋಕೆ ಒಂದು ಜಾಗ ಹೇಳಲಾಗುತ್ತಿಲ್ಲ, ಸಹಾಯ ಮಾಡಿ

ಪೇಟೆಬೀದಿ:
ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆಯವನು, ಒಂಬತ್ತು ವರ್ಷದಿಂದ ಬೆಂಗಳೂರಲ್ಲಿ ಕೆಲಸ. ಆಫೀಸಲ್ಲಿ ಯಾರಾದರೂ ಕೊಡಗು ಅಂದ ಕೂಡಲೇ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಈ ಸಲ ಐದು ಜನ ಸೇರಿ ಮೂರು ಟೆಂಟ್ ತಗೊಂಡೇ ಬಿಟ್ಟಿದ್ದಾರೆ. "ನಿಮ್ಮೂರಲ್ವಾ, ಯಾರೂ ಬರದ ಒಂದು ಒಳ್ಳೆ ಜಾಗ ತೋರಿಸು, ಶುಕ್ರವಾರ ರಾತ್ರಿ ಹೊರಟು ಭಾನುವಾರ ವಾಪಸ್" ಅಂತ ಒಂದೇ ಹಟ.

ನಿಜ ಹೇಳಬೇಕೆಂದರೆ ನನಗೆ ಒಂದು ಜಾಗವೂ ಗೊತ್ತಿಲ್ಲ. ನಮ್ಮ ಮನೆ ಪೇಟೆಯಲ್ಲೇ ಇದೆ. ಮುಂದೆ ರಸ್ತೆ, ಹಿಂದೆ ಗ್ಯಾರೇಜು. ನಾನು ಹೊರಗೆ ಮಲಗಿದ್ದು ಜೀವನದಲ್ಲಿ ಒಂದೇ ಸಲ, ಅಜ್ಜನ ಊರಲ್ಲಿ ಗದ್ದೆ ಕಾಯೋ ಅಟ್ಟಣಿಗೆ ಮೇಲೆ, ಅದೂ ಆನೆ ಬಂದರೆ ಡಬ್ಬ ಬಡಿಯೋಕೆ. ಅದನ್ನು ಆಗ ಯಾರೂ ಕ್ಯಾಂಪಿಂಗ್ ಅಂತ ಕರೆಯುತ್ತಿರಲಿಲ್ಲ.

ಕಾರು ಹತ್ತಿರದವರೆಗೆ ಹೋಗಬೇಕು, ನೀರು ಸಿಗಬೇಕು, ರಾತ್ರಿ ಆಕಾಶ ಕಾಣಬೇಕು. ನಮ್ಮಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಅವರಿಗೆ ಶೌಚಾಲಯ ಇದ್ದರೆ ಒಳ್ಳೆಯದು. ದಸರಾ ರಜೆಗೆ ಬರೋಣ ಅಂತಿದ್ದೇವೆ. ಮಾನ ಉಳಿಸಿ.

ಮುಕ್ಕೋಡ್ಲು ಮಳೆ:
ದಸರಾಕ್ಕಾ? ಬನ್ನಿ ಬನ್ನಿ. ಜಿಗಣೆಗಳು ಕಾಯುತ್ತಾ ಇವೆ, ಬೆಂಗಳೂರು ರಕ್ತ ಕುಡಿದು ತುಂಬಾ ದಿನ ಆಯಿತಂತೆ.

ಬಾಣೆಮನೆ:
ತಮ್ಮಾ, ಬೇಜಾರು ಮಾಡಿಕೊಳ್ಳಬೇಡ, ಆದರೆ "ಯಾರೂ ಬರದ ಜಾಗ" ಅನ್ನೋ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಕೊಡಗಲ್ಲಿ ಯಾರದ್ದೂ ಅಲ್ಲದ ಜಾಗ ಅಂತ ಒಂದು ಅಂಗುಲ ಇಲ್ಲ. ಬೇಲಿ ಇಲ್ಲ, ಹುಲ್ಲು ಬೆಳೆದಿದೆ, ಮೇಲಿಂದ ಚೆನ್ನಾಗಿ ಕಾಣುತ್ತದೆ ಅಂದರೆ ಅದು ಒಂದೋ ಯಾರದ್ದೋ ಗದ್ದೆಗೆ ಸೇರಿದ ಬಾಣೆ ಜಾಗ, ಇಲ್ಲವೇ ಪೈಸಾರಿ, ಇಲ್ಲವೇ ಅರಣ್ಯ ಇಲಾಖೆಯದ್ದು. ಬಾಣೆಯಾದರೆ ಮನೆಯವರನ್ನು ಕೇಳಬೇಕು. ಪೈಸಾರಿ ಸರ್ಕಾರದ ಜಾಗ, ಆದರೆ ಅಲ್ಲಿ ದನ ಬಿಡೋರು, ಸೌದೆ ತರೋರು ಊರವರೇ. ಕಾಡಾದರೆ ಕೇಳೋದೇ ಬೇಡ, ಕೇಸು.

ಇನ್ನೊಂದು ದೇವರಕಾಡು. ಈ ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ದೊಡ್ಡ ಮರ, ಒಳಗೆ ತಂಪು, ನೆಲದ ಮೇಲೆ ಎಲೆ ಹಾಸಿಗೆ. ಹೊರಗಿನವರಿಗೆ ಅದಕ್ಕಿಂತ ಒಳ್ಳೆ ಜಾಗ ಕಾಣೋದೇ ಇಲ್ಲ. ಹೋದ ವರ್ಷ ನಮ್ಮೂರ ಅಯ್ಯಪ್ಪ ದೇವರಕಾಡಿನೊಳಗೆ ನಾಲ್ಕು ಹುಡುಗರು ಟೆಂಟ್ ಹಾಕಿ ಕೋಳಿ ಸುಡುತ್ತಿದ್ದರು. ನಾವು ಒಣಗಿದ ಕೊಂಬೆ ಎತ್ತೋಕೂ ಹಿಂಜರಿಯುವ ಜಾಗ ಅದು. ಅವರಿಗೆ ಗೊತ್ತಿರಲಿಲ್ಲ, ಪಾಪ. ಗೊತ್ತಾದ ಮೇಲೆ ತಾವೇ ಹೆದರಿಕೊಂಡು ಹೊರಟರು, ಆದರೆ ಊರಲ್ಲಿ ಎರಡು ವಾರ ಅದೇ ಮಾತು.

ಟೆಂಟು ಟೀ:
ಇಷ್ಟೆಲ್ಲಾ ಹೆದರಿಸಬೇಡಿ ಸರ್. ನಾನು ಬೆಂಗಳೂರಿನವನು, ಹದಿನೈದು ವರ್ಷದಿಂದ ಕೊಡಗಿಗೆ ಬರುತ್ತಿದ್ದೇನೆ. ತಡಿಯಂಡಮೋಳ್ ತುದಿಯಲ್ಲಿ ಟೆಂಟ್ ಹಾಕಿ ಮಲಗಿದ್ದೇವೆ. ಕರ್ನಾಟಕದ ಎರಡನೇ ಎತ್ತರದ ಬೆಟ್ಟ. ಬೆಳಗ್ಗೆ ಎದ್ದರೆ ಕಾಲ ಕೆಳಗೆ ಮೋಡ. ಅದರ ಮುಂದೆ ಬೇರೆ ಎಲ್ಲ ಸುಮ್ನೆ. ಕುಮಾರ ಪರ್ವತಕ್ಕೆ ಹೋಗುವಾಗ ನಡುವೆ ಮಲಗುತ್ತಿದ್ದ ಹಾಗೇ ಇಲ್ಲೂ ಮಲಗುತ್ತಿದ್ದೆವು. ಯಾರೂ ಏನೂ ಅನ್ನುತ್ತಿರಲಿಲ್ಲ.

ಕಕ್ಕಬ್ಬೆ ಅಕ್ಕ:
ಎರಡನೇ ಎತ್ತರ ಅಲ್ಲ. ತಡಿಯಂಡಮೋಳ್ 1,748 ಮೀಟರ್, ಕೊಡಗಿಗೆ ಅದೇ ಎತ್ತರ. ರಾಜ್ಯದ ಲೆಕ್ಕಕ್ಕೆ ಬಂದರೆ ಚಿಕ್ಕಮಗಳೂರು ಕಡೆಯ ಬೆಟ್ಟಗಳು ಮುಂದಿವೆ, ಮುಳ್ಳಯ್ಯನಗಿರಿಯೇ 1,900 ಮೀಟರ್ ದಾಟುತ್ತದೆ.

ಆಮೇಲೆ, ನಿಮ್ಮ ಹದಿನೈದು ವರ್ಷದ ಹಿಂದಿನ ಕತೆ ಈಗ ನಡೆಯೋದಿಲ್ಲ. ರಾತ್ರಿ ಮೇಲೆ ಉಳಿಯೋಕೆ ಬಿಡುವುದಿಲ್ಲ. ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ನಮ್ಮ ಮನೆ ನಾಲ್ಕುನಾಡು ಅರಮನೆಯಿಂದ ಸ್ವಲ್ಪ ದೂರ, ಹತ್ತುವವರು ನಮ್ಮ ಗೇಟಿನ ಮುಂದೆಯೇ ಹೋಗೋದು. ಬೆನ್ನಿಗೆ ಟೆಂಟ್ ಚೀಲ ಕಟ್ಟಿಕೊಂಡು ಹೋದವರು ಚೆಕ್‌ಪೋಸ್ಟಿನಿಂದ ಮುಖ ಸಪ್ಪೆ ಮಾಡಿಕೊಂಡು ವಾಪಸ್ ಬರೋದನ್ನು ಎಷ್ಟು ಸಲ ನೋಡಿಲ್ಲ. ಹತ್ತೋ ಮೊದಲು ಅರಮನೆ ನೋಡಿ, 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ಅದರ ಅಂಗಳದಲ್ಲಿ ಟೆಂಟ್ ಹಾಕಬಹುದಾ ಅಂತ ಕೇಳಿದವರೂ ಇದ್ದಾರೆ, ತಮಾಷೆ ಅಲ್ಲ.

ಟೆಂಟು ಟೀ:
ಸರಿ ಅಕ್ಕ, ಎತ್ತರದ ವಿಷಯದಲ್ಲಿ ಸೋತೆ. ಆದರೆ ಮೋಡದ ವಿಷಯ ನಿಜ.

ವಾಚರ್ ಮಗ:
ನಮ್ಮಪ್ಪ ಅರಣ್ಯದಲ್ಲಿ ವಾಚರ್ ಆಗಿದ್ದರು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮೂರೂ ವನ್ಯಜೀವಿಧಾಮ. ಜೊತೆಗೆ ನಾಗರಹೊಳೆ. ಇವುಗಳ ಒಳಗೆ ಅನುಮತಿ ಇಲ್ಲದೆ ಕಾಲಿಡೋದೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು. ಅಲ್ಲಿ ಬೆಂಕಿ ಹಾಕಿದರೆ ಅದು ಇನ್ನೊಂದು ತಪ್ಪು. ನಿಮ್ಮ ಫೋನಿನ ಮ್ಯಾಪಲ್ಲಿ ಒಂದು ಹಸಿರು ಬಣ್ಣ ಅಷ್ಟೇ ಕಾಣುತ್ತದೆ, ಎಲ್ಲಿ ತೋಟ ಮುಗಿದು ಎಲ್ಲಿ ಕಾಡು ಶುರುವಾಯಿತು ಅಂತ ಗೊತ್ತಾಗೋದಿಲ್ಲ. ನೆಲದ ಮೇಲೆ ನಿಂತರೆ ಆನೆ ಕಂದಕ ಅಥವಾ ಸೋಲಾರ್ ಬೇಲಿ ಕಾಣುತ್ತದೆ. ಕಂದಕದ ಆಚೆ ನಿಮ್ಮದಲ್ಲ.

ಬೆಂಕಿ ಬಗ್ಗೆ ಮಾತ್ರ ಕೈ ಮುಗಿದು ಕೇಳುತ್ತೇನೆ. ಫೆಬ್ರವರಿಯಿಂದ ಏಪ್ರಿಲ್ ತನಕ ಬೆಟ್ಟದ ಹುಲ್ಲು ಕಾಗದದ ಹಾಗೆ ಇರುತ್ತದೆ. ಒಂದು ಸಿಗರೇಟ್ ತುಂಡು ಸಾಕು. ಅಪ್ಪ ಆ ಮೂರು ತಿಂಗಳು ಮನೆಗೆ ಬರುತ್ತಿದ್ದದ್ದು ಬಟ್ಟೆ ಬದಲಾಯಿಸೋಕೆ ಮಾತ್ರ. ಹಸಿರು ಸೊಪ್ಪಿನ ಕೊಂಬೆಯಲ್ಲಿ ಬಡಿದು ಬಡಿದು ಬೆಂಕಿ ಆರಿಸೋದು, ಆಗ ಬೇರೆ ಯಂತ್ರ ಗಿಂತ್ರ ಏನೂ ಇರಲಿಲ್ಲ.

ಗದ್ದೆಬದಿ:
ಕುಮಾರ ಪರ್ವತದ ಹೆಸರು ಬಂತಲ್ಲ, 2024ರ ಜನವರಿ ರಜೆ ನೆನಪಿದೆಯಾ? ಸಾವಿರಗಟ್ಟಲೆ ಜನ ಒಟ್ಟಿಗೆ ಬಂದು ಚೆಕ್‌ಪೋಸ್ಟಲ್ಲಿ ಸಿನಿಮಾ ಟಿಕೆಟಿಗೆ ನಿಂತ ಹಾಗೆ ಸಾಲು. ಆಮೇಲೆ ಚಾರಣವನ್ನೇ ನಿಲ್ಲಿಸಿ ಆನ್‌ಲೈನ್ ಬುಕಿಂಗ್ ತಂದರು. ಈಗ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ನಮ್ಮ ಕಡೆ ಬೀದಳ್ಳಿಯಿಂದ ಹತ್ತೋರಿಗೂ ಅದೇ. ಹೊರಡೋ ಮೊದಲು ಇಲಾಖೆಯ ಸೈಟ್ ನೋಡಿ, ಮಳೆಗಾಲ, ಬೆಂಕಿಗಾಲ ಎರಡರಲ್ಲೂ ಮುಚ್ಚುತ್ತಾರೆ.

ಪೇಟೆಬೀದಿ:
ಅಂದರೆ ಬೆಟ್ಟದ ಮೇಲೆ ಇಲ್ಲ, ಕಾಡಲ್ಲಿ ಇಲ್ಲ, ದೇವರಕಾಡಲ್ಲಿ ಇಲ್ಲ. ಹೊಳೆ ಬದಿ? ಹಾರಂಗಿ ಹಿನ್ನೀರು, ಚಿಕ್ಲಿಹೊಳೆ? ಫೋಟೋದಲ್ಲಿ ತುಂಬಾ ಚೆನ್ನಾಗಿದೆ.

ಕೂಡಿಗೆ ಕಾಲುವೆ:
ಫೋಟೋದಲ್ಲಿ ಎಲ್ಲವೂ ಚೆನ್ನಾಗೇ ಇರುತ್ತದೆ ಅಣ್ಣ. ಹಿನ್ನೀರಿನ ಅಂಚು ನೋಡೋಕೆ ಗಟ್ಟಿ ನೆಲ, ಕಾಲಿಟ್ಟರೆ ಮೊಣಕಾಲವರೆಗೆ ಕೆಸರು. ನೀರು ಯಾವಾಗ ಏರುತ್ತದೆ ಅಂತ ನಮಗೇ ಹೇಳೋಕಾಗೋದಿಲ್ಲ, ಮೇಲೆ ಮಡಿಕೇರಿ ಕಡೆ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ಏರುತ್ತದೆ. ಜಾಗ ನೀರಾವರಿಯವರದ್ದು, ಕೇಳದೆ ಉಳಿಯುವ ಹಾಗಿಲ್ಲ. ಚಿಕ್ಲಿಹೊಳೆಗೆ ಸಂಜೆ ಹೋಗಿ ಸೂರ್ಯ ಮುಳುಗೋದು ನೋಡಿ ವಾಪಸ್ ಬನ್ನಿ. ಆನೆ ನೀರು ಕುಡಿಯೋಕೆ ಬರುವ ಹೊತ್ತಿಗೆ ನೀವು ಅಲ್ಲಿರಬಾರದು.

ಚೆಯ್ಯಂಡಾಣೆ:
ಹೊಳೆ ಬದಿ ಅಂದವರಿಗೆ ಒಂದು ಮಾತು. ಚೇಲಾವರ ಜಲಪಾತದ ಗುಂಡಿಯಲ್ಲಿ ಎಷ್ಟು ಮಕ್ಕಳು ಹೋದರು ಅಂತ ನಮ್ಮೂರಲ್ಲಿ ಕೇಳಿ. ಎಲ್ಲರೂ ಈಜು ಬರುತ್ತದೆ ಅಂದವರೇ. ಮೇಲಿಂದ ನೋಡಿದರೆ ಸಣ್ಣ ಹೊಂಡ. ಒಳಗೆ ಆಳ, ಬಂಡೆ ಜಾರು. ನೋಡಿ, ಫೋಟೋ ತೆಗೀರಿ, ಇಳಿಯಬೇಡಿ.

ನೀಲಿ ಬುಲೆಟ್:
ದಾರಿ ವಿಷಯ ಯಾರೂ ಹೇಳಲಿಲ್ಲ. ಬೈಕಲ್ಲಿ ಬರೋರಿದ್ದರೆ ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತುವ ಹಾಗಿಲ್ಲ, 2023ರ ಆಗಸ್ಟಿನಿಂದ ಬಂದ್. ಸರ್ವಿಸ್ ರಸ್ತೆಯಲ್ಲೇ ಬರಬೇಕು, ಮದ್ದೂರು ಮಂಡ್ಯ ಎಲ್ಲ ಸೇರಿ ಒಂದು ಗಂಟೆ ಜಾಸ್ತಿ.

ಗದ್ದೆಬದಿ:
ಸೋಮವಾರಪೇಟೆ, ಶನಿವಾರಸಂತೆ ಕಡೆಗೆ ಮೈಸೂರು ದಾರಿ ಯಾಕ್ರೀ? ಕುಣಿಗಲ್, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮೇಲೆ ಬನ್ನಿ. ವಾಹನ ಕಡಿಮೆ, ತಟ್ಟೆ ಇಡ್ಲಿ ಜಾಸ್ತಿ.

ನೀಲಿ ಬುಲೆಟ್:
ಆ ದಾರಿಯಲ್ಲಿ ಹಂಪ್ ಎಷ್ಟಿದೆ ಎಣಿಸಿದ್ದೀರಾ?

ಗದ್ದೆಬದಿ:
ಹಂಪಿನ ಲೆಕ್ಕ ಹಾಕುತ್ತಾ ಹೋದರೆ ಕೊಡಗಿಗೆ ಬರೋದೇ ಬೇಡ.

ಮೂಡಿಗೆರೆ ದಾಟಿ:
ಜಿಗಣೆ ಅಂತೀರಲ್ಲ, ನಮ್ಮ ಕಡೆ ಇಂಬಳ ಅಂತೇವೆ. ಜಿಗಣೆ ಅಂದರೆ ಕೆರೆಯಲ್ಲಿ ಇರೋ ದಪ್ಪದ್ದು.

ಮುಕ್ಕೋಡ್ಲು ಮಳೆ:
ಹೆಸರು ಏನಾದರೂ ಇರಲಿ, ಕಚ್ಚೋದು ಒಂದೇ ಜಾಗದಲ್ಲಿ. ಕಾಲುಚೀಲದ ಒಳಗೆ ಪ್ಯಾಂಟ್ ತುರುಕಿ, ಹೊರಗೆ ಬೇವಿನೆಣ್ಣೆ ಇಲ್ಲವೇ ಹೊಗೆಸೊಪ್ಪಿನ ನೀರು ಸವರಿ. ಹತ್ತಿದರೆ ಕಿತ್ತು ಎಸೆಯಬೇಡಿ, ಉಪ್ಪು ಹಾಕಿ, ತಾನೇ ಬಿಡುತ್ತದೆ. ಬಿಟ್ಟ ಮೇಲೆ ರಕ್ತ ನಿಲ್ಲೋಕೆ ಹೊತ್ತು ಹಿಡಿಯುತ್ತದೆ, ಅದಕ್ಕೆ ಗಾಬರಿ ಬೇಡ. ನಮ್ಮಜ್ಜಿ ಕಾಫಿಪುಡಿ ಒತ್ತುತ್ತಿದ್ದರು. ಮುಖ್ಯ ವಿಷಯ ಟೆಂಟಿನ ಜಿಪ್. ಒಬ್ಬ ಅರ್ಧ ತೆಗೆದು ಹೊರಗೆ ಹೋದರೆ ಸಾಕು, ಬೆಳಗ್ಗೆ ಎಲ್ಲರ ಕಾಲಲ್ಲೂ ಒಂದೊಂದು.

ಪಾಲಿಬೆಟ್ಟ ರಾತ್ರಿಪಾಳಿ:
ಜಿಗಣೆಗೆ ಹೆದರುವವರು ದಕ್ಷಿಣ ಕೊಡಗಿಗೆ ಬಂದು ಟೆಂಟ್ ಹಾಕಿ ನೋಡಿ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆ ತೋಟದೊಳಗೇ ಆನೆ ಇರುತ್ತದೆ. ಕಾಡಿಂದ ಬಂದು ಹೋಗೋದಲ್ಲ, ಹಗಲಲ್ಲಿ ಕಾಫಿ ಗಿಡದ ನಡುವೆಯೇ ನಿಂತಿರುತ್ತವೆ, ಹತ್ತು ಹೆಜ್ಜೆ ದೂರದಿಂದಲೂ ಕಾಣೋದಿಲ್ಲ. ಕೆಲಸಕ್ಕೆ ಹೋಗುವ ಜನ ಬೆಳಗ್ಗೆ ವಾಟ್ಸಾಪಲ್ಲಿ ಆನೆ ಎಲ್ಲಿದೆ ಅಂತ ನೋಡಿಯೇ ಗೇಟು ದಾಟೋದು. ಹಲಸಿನ ಕಾಲದಲ್ಲಿ ಕೇಳಲೇಬೇಡಿ.

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ತೋಟದಲ್ಲಿ ಮೈಸೂರಿಂದ ಬಂದವರು ಟೆಂಟ್ ಹಾಕಿದ್ದರು. ಮಾಲೀಕರು ಬೇಡ ಅಂದಿದ್ದರು, ಅವರ ಮಗನ ಸ್ನೇಹಿತರು ಅಂತ ಬಿಟ್ಟರು. ರಾತ್ರಿ ಎರಡು ಗಂಟೆಗೆ ಒಂದು ಆನೆ ಬಂತು. ಟೆಂಟಿನ ಹತ್ತಿರ ಒಂದು ಚೀಲದಲ್ಲಿ ಬಾಳೆಹಣ್ಣು, ಬೆಲ್ಲ. ಅದು ಟೆಂಟ್ ಮುಟ್ಟಲಿಲ್ಲ, ಚೀಲ ಎಳೆದು ತಿಂದು ಹೋಯಿತು. ಒಳಗೆ ಮೂವರು ಉಸಿರು ಬಿಗಿ ಹಿಡಿದು ಕೂತಿದ್ದರಂತೆ. ಬೆಳಗ್ಗೆ ನಾನು ನೋಡಿದಾಗ ಟೆಂಟಿನ ಹಗ್ಗದ ಪಕ್ಕದಲ್ಲೇ ಹೆಜ್ಜೆ. ಒಂದು ಗೇಣು ಆಚೆ ಇಟ್ಟಿದ್ದರೆ ಕತೆ ಹೇಳೋಕೆ ಯಾರೂ ಇರುತ್ತಿರಲಿಲ್ಲ. ಆ ಹುಡುಗರು ಈಗ ಹೋಟೆಲಲ್ಲೂ ಕೆಳಗಿನ ಮಹಡಿಯಲ್ಲಿ ರೂಮ್ ಬೇಡ ಅಂತಾರಂತೆ.

ಟೆಂಟು ಟೀ:
ಇದು ಓದಿ ನನ್ನ ಹೆಂಡತಿ ಟೆಂಟನ್ನು ಮಾರಾಟಕ್ಕೆ ಹಾಕು ಅಂತಿದ್ದಾಳೆ.

ನೀಲಿ ಬುಲೆಟ್:
ನಾವು ಒಂದು ಸಲ ವಿರಾಜಪೇಟೆ ಹತ್ತಿರ ಉಳಿದಾಗ ರಾತ್ರಿ ಎರಡು ಸಲ ಢಂ ಅಂತ ಸದ್ದು. ಆನೆಗೆ ಪಟಾಕಿ ಅಂದರು ಮನೆಯವರು. ನನ್ನ ಗೆಳೆಯ ಕೋವಿ ಅಂತ ವಾದ. ನಿಜ ಏನು?

ಬಾಣೆಮನೆ:
ಪಟಾಕಿಯೇ. ಜಮ್ಮಾ ಕೋವಿ, ಅಂದರೆ ವಂಶದ ಜಮೀನಿನ ಹಕ್ಕಿನ ಜೊತೆ ಬಂದ ಕೋವಿ, ಎಷ್ಟೋ ಮನೆಗಳಲ್ಲಿ ಇದೆ, ಲೈಸೆನ್ಸ್ ವಿನಾಯಿತಿಯೂ ಇದೆ, ಆದರೆ ರಾತ್ರಿ ಆನೆಗೆ ಗುಂಡು ಹಾರಿಸೋಕೆ ಅಲ್ಲ. ಕೈಲ್‌ಪೊಳ್ದು ಅನ್ನೋ ಆಯುಧದ ಹಬ್ಬಕ್ಕೆ ಪೂಜೆ, ಪುತ್ತರಿ ಅನ್ನೋ ಸುಗ್ಗಿ ಹಬ್ಬಕ್ಕೆ ಕದಿರು ಕೊಯ್ಯುವಾಗ ಒಂದು ಗುಂಡು. ಸಿನಿಮಾ ನೋಡಿ ಕೊಡಗಿಗೆ ಬರಬೇಡಿ ಮಾರಾಯ್ರೇ.

ಹಟ್ಟಿಹೊಳೆ ದಂಡೆ:
ಎಲ್ಲರೂ ಆನೆ ಹುಲಿ ಅಂತಿದ್ದೀರಿ. ನನಗೆ ಮಣ್ಣಿನ ಭಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ, ನಮ್ಮ ಹಟ್ಟಿಹೊಳೆ ಕಡೆ ಗುಡ್ಡ ಕುಸಿದದ್ದು ಎಲ್ಲರಿಗೂ ಗೊತ್ತು. ನಾನೂ ನನ್ನ ತಮ್ಮನೂ ಕಾಲೇಜಿನ ದಿನಗಳಲ್ಲಿ ಚಾಪೆ ಹಾಸಿ ಮಲಗುತ್ತಿದ್ದ ಒಂದು ಹಾಸುಬಂಡೆ ಇತ್ತು, ತೋಟದ ಮೇಲ್ಗಡೆ. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಬಂಡೆ ಇಲ್ಲ, ಬಂಡೆ ಇದ್ದ ಗುಡ್ಡವೂ ಇಲ್ಲ. ಕೆಂಪು ಮಣ್ಣು ಹೊಳೆವರೆಗೆ ಇಳಿದಿತ್ತು. 2020ರಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿ ಅರ್ಚಕರ ಮನೆಯೇ ಹೋಯಿತು.

ಅದಕ್ಕೆ ಹೇಳೋದು, ಅಕ್ಟೋಬರ್ ಮೊದಲ ವಾರ ಬೇಡ. ಗುಡ್ಡ ಇನ್ನೂ ನೀರು ಹೀರಿಕೊಂಡೇ ಇರುತ್ತದೆ. ಜೆಸಿಬಿಯಲ್ಲಿ ಗುಡ್ಡ ಅಗೆದು ಮಟ್ಟ ಮಾಡಿ "ವ್ಯೂ ಪಾಯಿಂಟ್ ಟೆಂಟ್" ಅಂತ ಬೋರ್ಡ್ ಹಾಕಿರುವ ಕಡೆ ಯಾವ ತಿಂಗಳಲ್ಲೂ ಬೇಡ. ಟೆಂಟಿನ ಹಿಂದೆ ನೆಟ್ಟಗೆ ಕಡಿದ ಮಣ್ಣಿನ ಗೋಡೆ ಇದ್ದರೆ ಹಣ ಹೋದರೂ ಪರವಾಗಿಲ್ಲ, ಎದ್ದು ಬನ್ನಿ.

ಜಯನಗರ ಜೋಳಿಗೆ:
ಆ ಥರ ಬೋರ್ಡ್ ನೋಡಿ ಹೋಗಿ ಮೋಸ ಹೋದವಳು ನಾನು. ಮಡಿಕೇರಿಯಿಂದ ಸ್ವಲ್ಪ ಆಚೆ, ಹೆಸರು ಬೇಡ. ಫೋಟೋದಲ್ಲಿ ನಾಲ್ಕು ಟೆಂಟ್, ಎದುರಿಗೆ ಕಣಿವೆ. ಹೋಗಿ ನೋಡಿದರೆ ಇಪ್ಪತ್ತೆರಡು ಟೆಂಟ್, ಒಂದಕ್ಕೊಂದು ಅಂಟಿಕೊಂಡು, ಮದುವೆ ಛತ್ರದ ಚಪ್ಪಲಿ ಸಾಲಿನ ಹಾಗೆ. ರಾತ್ರಿ ಹನ್ನೆರಡರವರೆಗೆ ಡಿಜೆ. ಎಲ್ಲರಿಗೂ ಸೇರಿ ಎರಡು ಶೌಚಾಲಯ, ಒಂದರಲ್ಲಿ ನೀರಿಲ್ಲ. ನಕ್ಷತ್ರ ನೋಡೋಕೆ ಬಂದವಳು ಎಲ್‌ಇಡಿ ಸೀರಿಯಲ್ ಲೈಟ್ ನೋಡಿಕೊಂಡು ಮಲಗಿದೆ. ಬುಕ್ ಮಾಡೋ ಮೊದಲು ಎಷ್ಟು ಟೆಂಟ್, ಎಷ್ಟು ಶೌಚಾಲಯ, ರಾತ್ರಿ ಹಾಡು ಇದೆಯಾ, ಹೋಂಸ್ಟೇ ನೋಂದಣಿ ಆಗಿದೆಯಾ, ಇಷ್ಟು ಕೇಳಿ. ಉತ್ತರ ಕೊಡೋಕೆ ತಡವರಿಸಿದರೆ ಬಿಡಿ.

ಚೆಯ್ಯಂಡಾಣೆ:
ಡಿಜೆ ವಿಷಯದಲ್ಲಿ ನಾವು ಊರವರೂ ನಿಮ್ಮ ಪಕ್ಷವೇ. ಕಣಿವೆಯಲ್ಲಿ ಸದ್ದು ಎಷ್ಟು ದೂರ ಹೋಗುತ್ತದೆ ಅಂತ ಅವರಿಗೆ ಗೊತ್ತಿಲ್ಲ. ನಮ್ಮ ಮಾವನವರಿಗೆ ಎಂಬತ್ತೆರಡು, ಆಚೆ ಗುಡ್ಡದ ಹಾಡು ಕೇಳಿ ಕೇಳಿ ಈಗ ಬಾಯಿಪಾಠ ಬಂದಿದೆ.

ಪಾಲಿಬೆಟ್ಟ ರಾತ್ರಿಪಾಳಿ:
ಬಾಟಲಿ ಕೂಡ. ಒಡೆದ ಗಾಜು ಹಸುವಿನ ಗೊರಸಿಗೆ ಹೊಕ್ಕರೆ ಆ ಹಸುವಿನ ಕತೆ ಮುಗೀತು. ಆನೆ ಕಾಲಿಗೂ ಅಷ್ಟೇ. ತಂದ ಕಸ ಕಾರಲ್ಲೇ ವಾಪಸ್ ತಗೊಂಡು ಹೋಗಿ. ನಮ್ಮೂರ ಪಂಚಾಯಿತಿಗೆ ನಮ್ಮ ಕಸವೇ ಭಾರ.

ಪೇಟೆಬೀದಿ:
ನಾನು ಕೇಳಿದ್ದು ಎಲ್ಲಿ ಟೆಂಟ್ ಹಾಕಬಹುದು ಅಂತ. ಇಲ್ಲಿವರೆಗೆ ಬಂದದ್ದೆಲ್ಲ ಎಲ್ಲಿ ಹಾಕಬಾರದು ಅಂತ. ಗೆಳೆಯರಿಗೆ ಲಿಂಕ್ ಕಳಿಸಿದ್ದೆ, ಒಬ್ಬ ಗೋವಾಕ್ಕೆ ಹೋಗೋಣ ಅಂತ ಮೆಸೇಜ್ ಮಾಡಿದ್ದಾನೆ.

ಕಕ್ಕಬ್ಬೆ ಅಕ್ಕ:
ಪಾಪ, ಹುಡುಗನಿಗೆ ಯಾರಾದರೂ ಸರಿಯಾಗಿ ಉತ್ತರ ಕೊಡಿ ಅಂದುಕೊಂಡೆ, ಕೊನೆಗೆ ನಾನೇ ಕೊಡುತ್ತೇನೆ. ನೋಡು ತಮ್ಮಾ, ಕೊಡಗಲ್ಲಿ ಜಾಗ ಹುಡುಕಬೇಡ, ಮನೆ ಹುಡುಕು. ನಿನ್ನ ಜೊತೆ ಓದಿದವರಲ್ಲಿ ತೋಟ ಇರೋ ಒಬ್ಬರಾದರೂ ಇರುತ್ತಾರೆ. ಅವರ ಮನೆಯ ಕಾಫಿ ಒಣಗಿಸೋ ಕಣ ಕೇಳು.

ಕಣಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಸಿಮೆಂಟು ನೆಲ, ಮಟ್ಟವಾಗಿರುತ್ತದೆ, ನೀರು ನಿಲ್ಲದ ಹಾಗೆ ಸ್ವಲ್ಪ ಇಳಿಜಾರು. ಜಿಗಣೆ ಬರೋದಿಲ್ಲ. ಬಿಸಿಲು ಬೀಳಬೇಕು ಅಂತ ಸುತ್ತ ಮರ ಸವರಿರುತ್ತಾರೆ, ಅದಕ್ಕೆ ಮೇಲೆ ಆಕಾಶ ಪೂರ್ತಿ ಕಾಣುತ್ತದೆ. ಮನೆ ಹತ್ತಿರ ಇರುವುದರಿಂದ ನಲ್ಲಿ ಇದೆ, ಶೌಚಾಲಯ ಇದೆ, ಹಗಲೆಲ್ಲ ಕಾದ ನೆಲ ರಾತ್ರಿ ಹತ್ತು ಗಂಟೆಯವರೆಗೂ ಬೆಚ್ಚಗಿರುತ್ತದೆ. ನಾಯಿಗಳಿರುತ್ತವೆ, ಆನೆ ವಾಸನೆ ಬಂದರೆ ನಮಗಿಂತ ಮೊದಲು ಅವಕ್ಕೆ ಗೊತ್ತಾಗುತ್ತದೆ.

ಆದರೆ ಒಂದು ತೊಂದರೆ. ಟೆಂಟಿಗೆ ಒಳ್ಳೆ ಹವೆ ಇರುವ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲೇ ಕಣ ಖಾಲಿ ಇರೋದಿಲ್ಲ. ಅರೇಬಿಕಾ ಮುಗಿಯುವ ಹೊತ್ತಿಗೆ ರೊಬಸ್ಟಾ ಬರುತ್ತದೆ. ಆ ಸಮಯದಲ್ಲಿ ಬಂದು ಕಣ ಕೇಳಿದರೆ ಯಾರಾದರೂ ಬೈದಾರು. ಮಳೆ ನಿಂತು ಕೊಯ್ಲು ಜೋರಾಗುವ ಮೊದಲು, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರ, ಇಲ್ಲವೇ ಕೊಯ್ಲು ಪೂರ್ತಿ ಮುಗಿದ ಮಾರ್ಚ್ ಕೊನೆ. ಕಾಫಿ ಹೂ ಅರಳಿಸೋ ಹೂ ಮಳೆ ಬಿದ್ದು ವಾರ ಹತ್ತು ದಿನ ಆದ ಮೇಲೆ ಬಂದರೆ ಇನ್ನೂ ಒಳ್ಳೆಯದು, ಇಡೀ ತೋಟ ಬೆಳ್ಳಗೆ, ಮಲ್ಲಿಗೆ ಥರ ಘಮ. ಟೆಂಟ್ ಜಿಪ್ ತೆಗೆದರೆ ಸಾಕು.

ವಾಚರ್ ಮಗ:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೊಯ್ಲಾದ ಗದ್ದೆಯೂ ಚೆನ್ನಾಗಿರುತ್ತದೆ, ಜನವರಿ ಮೇಲೆ. ಮಟ್ಟ ನೆಲ, ಕೂಳೆಯ ಮೇಲೆ ಒಣಹುಲ್ಲು ಹಾಸಿದರೆ ಹಾಸಿಗೆಯೇ ಬೇಡ. ಆದರೆ ನವೆಂಬರಿನಲ್ಲಿ ಬೇಡ, ಭತ್ತ ಹಣ್ಣಾಗುವ ಹೊತ್ತಿಗೆ ಆನೆ ಗದ್ದೆಗೇ ಬರೋದು. ಗದ್ದೆಯಲ್ಲಿ ಇಬ್ಬನಿ ಜಾಸ್ತಿ, ಟೆಂಟಿನ ಒಳಗೂ ನೀರು ತೊಟ್ಟಿಕ್ಕುತ್ತದೆ. ಗಾಳಿ ಆಡೋಕೆ ಮೇಲಿನ ಕಿಂಡಿ ಮುಚ್ಚಬೇಡಿ.

ಟೆಂಟು ಟೀ:
ಸಿಮೆಂಟ್ ಕಣದಲ್ಲಿ ಗೂಟ ಎಲ್ಲಿ ಹೊಡೆಯೋದು ಅಕ್ಕ?

ಕಕ್ಕಬ್ಬೆ ಅಕ್ಕ:
ನಮ್ಮ ಕಣದಲ್ಲಿ ಗೂಟ ಹೊಡೆದರೆ ನಿಮಗೆ ನಾನು ಹೊಡೆಯುತ್ತೇನೆ. ಗೊಬ್ಬರ ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ.

ಮೂಡಿಗೆರೆ ದಾಟಿ:
ಊಟದ ವಿಷಯ? ಟೆಂಟ್ ಹೊರಗೆ ಹಂದಿಮಾಂಸದ ಪಂದಿಕರಿ ಮಾಡಿಕೊಂಡರೆ ಹೇಗೆ?

ಬಾಣೆಮನೆ:
ಪಂದಿಕರಿಯನ್ನು ಮೂರು ಕಲ್ಲಿಟ್ಟು ಒಂದು ಗಂಟೆಯಲ್ಲಿ ಮಾಡೋದಾದರೆ ಅದು ಪಂದಿಕರಿ ಅಲ್ಲ. ಅದಕ್ಕೆ ಹಾಕೋ ಹುಳಿ ಕಾಚಂಪುಳಿ ತರೋದಕ್ಕೂ ಬಾಟಲಿ ಹಿಡಿದು ಓಡಾಡಬೇಕು, ಈಗ ಅರ್ಧ ಅಂಗಡಿಯಲ್ಲಿ ಸಿಗೋದು ಹುಣಸೆ ನೀರಿಗೆ ಬಣ್ಣ. ಮನೆಯವರು ಅಕ್ಕಿ ಉಂಡೆ ಕಡಂಬುಟ್ಟು ಜೊತೆ ಕೊಟ್ಟರೆ ತಿನ್ನಿ. ನೀವು ಮ್ಯಾಗಿ ಮಾಡಿಕೊಳ್ಳಿ.

ಮೂಡಿಗೆರೆ ದಾಟಿ:
ಹುಣಸೆ ಹಾಕಿದರೂ ರುಚಿ ಆಗುತ್ತದೆ.

ಬಾಣೆಮನೆ:
ಇದನ್ನು ಜೋರಾಗಿ ಹೇಳಬೇಡಿ, ನಮ್ಮವ್ವ ಪಕ್ಕದಲ್ಲೇ ಇದ್ದಾರೆ.

ಜಯನಗರ ಜೋಳಿಗೆ:
ಕಕ್ಕಬ್ಬೆ ಅಕ್ಕ, ಒಂದು ಸಂಶಯ. ಪರಿಚಯ ಇರೋರಿಗೆ ಕಣ ಸಿಗುತ್ತದೆ. ಯಾರೂ ಗೊತ್ತಿಲ್ಲದ ನಮ್ಮಂಥವರು ಏನು ಮಾಡಬೇಕು? ಕೊನೆಗೆ ಅದೇ ಇಪ್ಪತ್ತೆರಡು ಟೆಂಟಿನ ಸಾಲಿಗೇ ಹೋಗಬೇಕಲ್ಲ. ಊರವರು ನಮ್ಮ ಮೇಲೆ ಸಿಟ್ಟು ಮಾಡಿಕೊಳ್ಳೋದು ಸುಲಭ, ಆದರೆ ಆ ಬೋರ್ಡ್ ಹಾಕಿದವರೂ ಊರವರೇ ಅಲ್ವಾ?

ಕಕ್ಕಬ್ಬೆ ಅಕ್ಕ:
ನೀವು ಹೇಳಿದ್ದು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಗುಡ್ಡ ಅಗೆದದ್ದು ನಮ್ಮವರೇ. ನಾಲ್ಕು ಕೋಣೆಯ ಸಣ್ಣ ಹೋಂಸ್ಟೇಗಳು ಎಷ್ಟೋ ಇವೆ, ಫೋನ್ ಮಾಡಿ "ಕೋಣೆ ಒಂದು ತಗೊಳ್ತೇವೆ, ಟೆಂಟ್ ನಮ್ಮದೇ ತರ್ತೇವೆ, ಅಂಗಳದಲ್ಲಿ ಹಾಕಬಹುದಾ" ಅಂತ ಕೇಳಿ ನೋಡಿ. ಹೆಚ್ಚಿನವರು ನಕ್ಕು ಹೂಂ ಅಂತಾರೆ. ಮಳೆ ಬಂದರೆ ಒಳಗೆ ಓಡೋಕೆ ಒಂದು ಕೋಣೆಯೂ ಆಯಿತು.

ನೀಲಿ ಬುಲೆಟ್:
ಇದು ನಾವು ಮಾಡಿದ್ದೇವೆ, ಮಾದಾಪುರ ಹತ್ತಿರ. ತಲೆಗೆ 800 ರೂಪಾಯಿ, ರಾತ್ರಿ ಊಟ, ಬೆಳಗ್ಗೆ ನೂಪುಟ್ಟು (ಅಕ್ಕಿ ಶಾವಿಗೆ) ಸೇರಿ. ಮರುದಿನ ಕೋಟೆಬೆಟ್ಟ ಹತ್ತಿ ಮಧ್ಯಾಹ್ನಕ್ಕೆ ಇಳಿದೆವು. ರಾತ್ರಿ ಮೂರು ಗಂಟೆಗೆ ಚಳಿ ತಡೆಯದೆ ಎಲ್ಲರೂ ಆ ಒಂದೇ ಕೋಣೆಗೆ ನುಗ್ಗಿದ್ದು ಬೇರೆ ವಿಷಯ. ಜನವರಿಯಲ್ಲಿ ಬರೋದಾದರೆ ಕೆಳಗೆ ಹಾಸೋಕೆ ದಪ್ಪ ಮ್ಯಾಟ್ ತನ್ನಿ. ಮೇಲೆ ಎಷ್ಟು ಹೊದ್ದರೂ ಚಳಿ ಬರೋದು ಕೆಳಗಿನಿಂದ.

ಪೇಟೆಬೀದಿ:
ಅಕ್ಕ, ದೊಡ್ಡ ಉಪಕಾರ. ಶಾಲೆಯಲ್ಲಿ ನನ್ನ ಹಿಂದಿನ ಬೆಂಚಲ್ಲಿ ಕೂರುತ್ತಿದ್ದ ಒಬ್ಬನಿಗೆ ಫೋನ್ ಮಾಡಿದೆ, ಹತ್ತು ವರ್ಷದ ಮೇಲೆ. ಅವರದ್ದು ಐಗೂರು ಕಡೆ ತೋಟ. "ಕಣ ಬೇಕಾ? ಅದಕ್ಕೆ ಇಷ್ಟು ಪೀಠಿಕೆ ಯಾಕೋ" ಅಂದ. ನವೆಂಬರ್ ಮೊದಲ ಶನಿವಾರ ಅಂತ ಆಗಿದೆ. ದಸರಾ ಕ್ಯಾನ್ಸಲ್.

ಮುಕ್ಕೋಡ್ಲು ಮಳೆ:
ಜಿಗಣೆಗಳಿಗೆ ನಿರಾಸೆ ಆಯಿತು, ತಿಳಿಸುತ್ತೇನೆ.

ಪೇಟೆಬೀದಿ:
ಹೋಗಿ ಬಂದೆವು, ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ. ಶುಕ್ರವಾರ ರಾತ್ರಿ ಬೇಡ ಅಂತ ಶನಿವಾರ ಬೆಳಗಿನ ಜಾವ ಐದಕ್ಕೆ ಹೊರಟು ಗದ್ದೆಬದಿಯವರು ಹೇಳಿದ ಅರಕಲಗೂಡು ದಾರಿಯಲ್ಲೇ ಬಂದೆವು. ಹಂಪ್ ಎಣಿಸೋಕೆ ಹೊರಟವನು ನಲವತ್ತಕ್ಕೆ ನಿದ್ದೆ ಹೋದ. ಮಧ್ಯಾಹ್ನ ಮಲ್ಲಳ್ಳಿ ಜಲಪಾತ ನೋಡಿ, ಇಳಿಯದೆ, ಸಂಜೆ ಐಗೂರಿಗೆ ಬಂದೆವು.

ಕಣ ಖಾಲಿ ಇರಲಿಲ್ಲ! ಈ ಸಲ ಅರೇಬಿಕಾ ಒಂದು ವಾರ ಮೊದಲೇ ಹಣ್ಣಾಗಿದೆಯಂತೆ, ಅರ್ಧ ಕಣದಲ್ಲಿ ಕಾಫಿ ಹರಡಿದ್ದರು. ಉಳಿದರ್ಧದಲ್ಲಿ ಮೂರು ಟೆಂಟ್. ಹಗ್ಗ ಗೊಬ್ಬರದ ಚೀಲಕ್ಕೆ. ರಾತ್ರಿ ಹನ್ನೊಂದಕ್ಕೆ ಎರಡು ಹನಿ ಬಿತ್ತು. ಗೆಳೆಯನ ಅಪ್ಪ "ಏಳ್ರೋ, ಕಾಫಿ ನೆನೆಯುತ್ತೆ" ಅಂತ ಕೂಗಿದರು. ಬೆಂಗಳೂರಿನ ಐದು ಜನ ಬನಿಯನ್ನಲ್ಲಿ, ನೈಟಿಯಲ್ಲಿ ಟಾರ್ಚ್ ಹಿಡಿದು ಕಾಫಿ ರಾಶಿ ಮಾಡಿ ಟಾರ್ಪಾಲ್ ಎಳೆದೆವು. ಆ ಗಲಾಟೆಯಲ್ಲಿ ಒಂದು ಟೆಂಟಿನ ಮೇಲೂ ಟಾರ್ಪಾಲ್ ಬಿತ್ತು, ಒಳಗೆ ಒಬ್ಬ ಮಲಗಿಯೇ ಇದ್ದ. ಮಳೆ ಐದು ನಿಮಿಷಕ್ಕೆ ನಿಂತಿತು. ಆಮೇಲೆ ಆಕಾಶ ಬಿಟ್ಟಿತು, ಯಾರಿಗೂ ನಿದ್ದೆ ಬರಲಿಲ್ಲ, ಬೆಳಗಿನ ಜಾವದವರೆಗೆ ಕಾಫಿ ರಾಶಿಗೆ ಒರಗಿಕೊಂಡು ಕೂತಿದ್ದೆವು.

ಕಕ್ಕಬ್ಬೆ ಅಕ್ಕ:
ರಾಶಿಗೆ ಒರಗಿದಿರಾ? ಹಣ್ಣಿನ ಕಲೆ ಬಟ್ಟೆಯಿಂದ ಹೋಗೋದಿಲ್ಲ ತಮ್ಮಾ.

ಪೇಟೆಬೀದಿ:
ಗೊತ್ತಾಯಿತು ಅಕ್ಕ. ಮೂರು ಸಲ ಒಗೆದಾಯಿತು.

ಬಾಣೆಮನೆ:
ಕೂಲಿ ಕೊಟ್ಟರಾ ಇಲ್ಲವಾ?